ಓದೋಕೆ ಬರದವರಿಗೆ ಕಾಗದ

ಹಾಂ, ಕೇಳಿಸ್ಕೊಳ್ಳಿ, ಸ್ವಲ್ಪ ಉದ್ದ ಆಗತ್ತೆ. ಇಷ್ಟೆಲ್ಲಾ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಪುಟ್ಟಿ, ಬೌದ್ಧಿಕ ಅಸಾಮರ್ಥ್ಯ ಇರೋ ದೊಡ್ಡವರಿಗೆ ಪತ್ರಸ್ನೇಹಿತೆಯಾಗಿ ಬರೆಯೋಕೆ ಹೆಸರು ಕೊಡ್ಲಾ ಅಂತ ಕೇಳಿದ್ಯಲ್ಲ, ಅದಕ್ಕೆ ನಿನ್ನ ಚಿಕ್ಕಪ್ಪ "ಓದೋಕೇ ಬರದವರಿಗೆ ಕಾಗದ ಬರೆದು ಏನು ಪ್ರಯೋಜನ" ಅಂತ ನಮ್ಮ ಗ್ರೂಪಲ್ಲಿ ಹಾಕಿದಾನೆ. ಮೊದಲು ಅವನಿಗೆ ಹೇಳಿಬಿಡ್ತೀನಿ.

ನೋಡೋ, ಎಲ್ಲರಿಗೂ ಓದೋಕೆ ಬರಲ್ಲ ಅಂತೇನಿಲ್ಲ. ಬರದಿದ್ರೆ ಜೊತೆಗಿರೋರು ಓದಿ ಹೇಳ್ತಾರೆ, ಕೇಳಿದಷ್ಟು ಸಲ. ಫೋನಲ್ಲಿ ನಮಗೆ ಎಷ್ಟು ಅವಸರ ಅಂದ್ರೆ, ಆ ಕಡೆಯವರು ಎರಡು ಕ್ಷಣ ಸುಮ್ಮನಿದ್ರೆ ಮುಂದಿನ ಪ್ರಶ್ನೆ ಹಾಕಿಬಿಡ್ತೀವಿ. ಮಾತು ಜೋಡಿಸ್ಕೊಳ್ಳೋಕೆ ಹೊತ್ತು ಬೇಕಾದವರು ಅಲ್ಲೇ ಸೋತುಹೋಗ್ತಾರೆ. ಕಾಗದ ಆದ್ರೆ ಕಾಯತ್ತೆ. ಇನ್ನೊಂದು, ಇವರಲ್ಲಿ ಎಷ್ಟೋ ಜನಕ್ಕೆ ದಿನಾ ಸಿಗೋರು ಅಂದ್ರೆ ಒಂದೋ ಮನೆಯವರು, ಇಲ್ಲಾ ಸಂಬಳಕ್ಕೆ ನೋಡ್ಕೊಳ್ಳೋರು. ಅಂಗವಿಕಲರ ಹಕ್ಕುಗಳ ಬಗ್ಗೆ 2006ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಂದ ಆಯ್ತಲ್ಲ, ಅದರ 19ನೇ ವಿಧಿ ಇವರು ಸಮಾಜದ ಮಧ್ಯೆ ಬದುಕಬೇಕು, ಒಂಟಿಯಾಗಿ ಉಳೀಬಾರದು ಅನ್ನತ್ತೆ. ಚೆನ್ನಾಗೇ ಇದೆ, ಆದ್ರೆ ಸ್ನೇಹಿತರನ್ನ ಯಾವ ಇಲಾಖೆ ಮಂಜೂರು ಮಾಡತ್ತೆ ಹೇಳು? ಈ ಥರ ಜೋಡಿ ಮಾಡ್ಸೋದು ಹೊಸದೇನೂ ಅಲ್ಲ. ಅಮೆರಿಕದಲ್ಲಿ ಆಂಟನಿ ಕೆನಡಿ ಶ್ರೈವರ್ 1989ರಲ್ಲಿ ಶುರು ಮಾಡಿದ ಬೆಸ್ಟ್ ಬಡೀಸ್ ಅನ್ನೋ ಸಂಸ್ಥೆ ಇಮೇಲ್‌ನಲ್ಲೇ ಇಂಥ ಸ್ನೇಹ ಕೂಡಿಸಿದೆ. ಅವರ ತಾಯಿ ಯೂನಿಸ್ ಇದ್ದರಲ್ಲ, 1968ರಲ್ಲಿ ಇಂಥವರಿಗೇ ಅಂತ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡಾಕೂಟ ಶುರು ಮಾಡಿದವರು.

ಈಗ ಪುಟ್ಟಿ, ನಿನಗೆ. ನಿನಗೆ ಸಿಗೋರು ನಲವತ್ತು ದಾಟಿರಬಹುದು, ಅರವತ್ತೂ ಆಗಿರಬಹುದು. "ಬುದ್ಧಿ ಐದು ವರ್ಷದ ಮಗುವಿಂದು" ಅಂತ ಯಾರಾದ್ರೂ ಹೇಳಿದ್ರೆ ಆ ಕಿವೀಲಿ ಕೇಳಿ ಈ ಕಿವೀಲಿ ಬಿಡು. ಐವತ್ತು ವರ್ಷ ಬದುಕಿದವರ ಹತ್ರ ಐವತ್ತು ವರ್ಷದ ಅನುಭವ ಇರತ್ತೆ: ಮಂಡಿ ನೋವು, ಕೆಲಸದ ಜಾಗದ ಜಗಳ, ಯಾರ ಮೇಲೋ ಮನಸ್ಸು, ಅಮ್ಮನಿಗೆ ವಯಸ್ಸಾಯ್ತಲ್ಲ ಅನ್ನೋ ಚಿಂತೆ. ಅಂಥವರಿಗೆ ಕಾರ್ಟೂನ್ ಸ್ಟಿಕ್ಕರ್ ಅಂಟಿಸಿ "ಜಾಣಮರಿ, ಶಭಾಷ್" ಅಂತ ಬರೆದ್ರೆ ನನಗೆ ಸಿಟ್ಟು ಬರತ್ತೆ. ಅವರಿಗೇ ಸ್ಟಿಕ್ಕರ್ ಇಷ್ಟ ಅಂತ ಗೊತ್ತಾದ್ರೆ ಅದು ಬೇರೆ ಮಾತು.

ದೊಡ್ಡವರ ವಿಷಯಾನೇ ಬರಿ, ಭಾಷೆ ಮಾತ್ರ ಸರಳ ಇರಲಿ. ಈಸಿ ರೀಡ್ ಅಂತ, ಸುಲಭವಾಗಿ ಓದೋ ಹಾಗೆ ಬರೆಯೋ ಒಂದು ಪದ್ಧತಿ ಇದೆ. ಇನ್‌ಕ್ಲೂಷನ್ ಯುರೋಪ್ ಅನ್ನೋ ಸಂಸ್ಥೆಯ ನಿಯಮಗಳಲ್ಲಿ ಒಂದು ವಾಕ್ಯಕ್ಕೆ ಒಂದೇ ವಿಷಯ, ಹೊಸ ವಾಕ್ಯ ಹೊಸ ಸಾಲಲ್ಲಿ, ಅಕ್ಷರ 14ರ ಅಳತೆಗಿಂತ ಚಿಕ್ಕದು ಬೇಡ ಅಂತೆಲ್ಲ ಇದೆ. ಇಂಥ ಬರಹ ತಯಾರು ಮಾಡುವಾಗ ಈ ಜನರನ್ನೇ ಜೊತೆಗೆ ಕೂರಿಸ್ಕೊಳ್ಳಿ ಅಂತಾನೂ ಹೇಳತ್ತೆ, ನನಗೆ ಅದೇ ಎಲ್ಲಕ್ಕಿಂತ ಹಿಡಿಸಿದ್ದು. ವ್ಯಂಗ್ಯ, ಸುತ್ತಿಬಳಸಿ ಹೇಳೋದು ಬೇಡ. ನೀನು ಮಾತುಮಾತಿಗೂ ಗಾದೆ ಹಾಕ್ತೀಯಲ್ಲ, ಅದನ್ನ ನಮ್ಮ ಗ್ರೂಪಿಗೇ ಇಟ್ಕೋ. ನೀನು ಹೇಳ್ತಿರೋದರದೇ ಒಂದು ಫೋಟೋ ಜೊತೆಗಿಡು. "ಹೇಗಿದೀರಾ, ಏನು ಸಮಾಚಾರ" ಅಂದ್ರೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗಲ್ಲ. "ನನಗೆ ಮಳೆ ಇಷ್ಟ. ನಿಮಗೆ ಮಳೆ ಇಷ್ಟಾನಾ, ಬಿಸಿಲಾ?" ಅಂತ ಕೇಳು, ಉತ್ತರ ಬರತ್ತೆ.

ಸಾವಿನ ಸುದ್ದಿ ಬಂದ್ರೆ ಕಷ್ಟ. ನಾವು "ದೇವರ ಹತ್ರ ಹೋದ್ರು" ಅಂತ ಮೆತ್ತಗೆ ಹೇಳ್ತೀವಿ, ಅವರು ಹೋದವರು ಯಾವಾಗ ವಾಪಸ್ ಬರ್ತಾರೆ ಅಂತ ಕಾಯಬಹುದು. "ನಿಮ್ಮ ಅಮ್ಮ ಸತ್ತುಹೋದ್ರು ಅಂತ ಗೊತ್ತಾಯ್ತು. ನನಗೆ ಬೇಜಾರಾಯ್ತು. ಅಮ್ಮನ ಬಗ್ಗೆ ಬರೀತೀರಾ?" ಅಂತ ನೇರ ಬರಿ. ನಮಗೆ ಒರಟು ಅನ್ನಿಸತ್ತೆ, ಅನ್ನಿಸಲಿ.

ಬರೋ ಉತ್ತರ ಕಾಗದದ ಥರಾನೇ ಇರಬೇಕು ಅಂತ ಕಾಯಬೇಡ. ಒಂದು ಚಿತ್ರ, ಬರೀ ಸಹಿ, ಪತ್ರಿಕೆಯಿಂದ ಕತ್ತರಿಸಿದ ಬಸ್ಸಿನ ಫೋಟೋ, ಏನು ಬೇಕಾದ್ರೂ ಬರಬಹುದು. ಸಹಾಯಕರು ಬರೆದುಕೊಟ್ಟಿದ್ರೆ ಗಮನ ಇಟ್ಟು ಓದು. "ಇವರು ಚೆನ್ನಾಗಿದ್ದಾರೆ, ಚಟುವಟಿಕೆಗಳಲ್ಲಿ ಪಾಲ್ಗೊಳ್ಳುತ್ತಾರೆ" ಅನ್ನೋದು ಸಹಾಯಕರ ಮಾತು. ಮಧ್ಯೆ ಎಲ್ಲೋ "ನೀಲಿ ಬಸ್ಸು ಬರಲಿಲ್ಲ" ಅಂತ ಒಂದು ಸಾಲು ನುಸುಳಿರತ್ತೆ ನೋಡು, ಅದು ನಿನ್ನ ಸ್ನೇಹಿತರದು. ಮುಂದಿನ ಕಾಗದ ಆ ಬಸ್ಸಿಂದಾನೇ ಶುರು ಮಾಡು. ನಾನೂ ಇಂಥ ಒಬ್ಬರಿಗೆ ಬರೀತೀನಲ್ಲ, ನಮ್ಮಿಬ್ಬರ ಮಾತೆಲ್ಲಾ ಇಂಥ ಒಂಟಿ ಸಾಲುಗಳ ಮೇಲೇ ನಡೆಯೋದು, ಹೊಸ ಸುದ್ದಿಗಿಂತ ಅದೇ ವಿಷಯ ಮತ್ತೆ ಮತ್ತೆ ಬಂದ್ರೇ ಅವರಿಗೂ ಖುಷಿ. ಉತ್ತರಾನೇ ಬರದಿದ್ರೂ ಬರೀತಿರು. ಬರೆಸ್ಕೊಡೋರು ಇಲ್ಲದೇ ಇದ್ದಿರಬಹುದು.

ನಿಯಮಗಳನ್ನ ಈ ಪತ್ರಸ್ನೇಹ ನಡೆಸೋ ಸಂಸ್ಥೆಯ ಸಂಯೋಜಕರು ಹೇಳ್ತಾರೆ: ಮನೆ ವಿಳಾಸ ಕೊಡಬೇಡ, ಕಾಗದ ಸಂಸ್ಥೆಯ ಮೂಲಕ ಹೋಗಲಿ, ದುಡ್ಡು ಕಳಿಸಬೇಡ, "ಬಂದು ನೋಡ್ತೀನಿ" ಅಂತ ಮಾತು ಕೊಡಬೇಡ. ಯಾರೋ ಹೊಡೀತಾರೆ, ದುಡ್ಡು ಕಿತ್ಕೋತಾರೆ ಅಂತ ಬರೆದಿದ್ರೆ ನೀನೇ ವಿಚಾರಣೆಗೆ ಇಳೀಬೇಡ, "ಯಾರಿಗೂ ಹೇಳಲ್ಲ" ಅಂತ ಆಣೆನೂ ಇಡಬೇಡ, ಅವತ್ತೇ ಸಂಯೋಜಕರಿಗೆ ತಿಳಿಸು.

ನನ್ನ ಅನುಮಾನ ಇರೋದು ಒಂದೇ, ನಿನ್ನ ಉತ್ಸಾಹದ ಬಗ್ಗೆ. ಕೋಪ ಮಾಡ್ಕೋಬೇಡ. ಮೊದಲ ತಿಂಗಳು ನಾಲ್ಕು ಪುಟ, ಆಮೇಲೆ ಪರೀಕ್ಷೆ, ಕೆಲಸ ಅಂತ ನಿಂತುಹೋದ್ರೆ ಅದು ಅವರಿಗೆ ಹೊಸದೇನಲ್ಲ. ನೋಡ್ಕೊಳ್ಳೋರು ಕೆಲಸ ಬಿಟ್ಟು ಹೋಗ್ತಾನೇ ಇರ್ತಾರೆ, ಎಷ್ಟೋ ಸಲ ಯಾಕೆ ಅಂತಾನೂ ಹೇಳಿರಲ್ಲ. ತಿಂಗಳಿಗೊಂದು ಪೋಸ್ಟ್‌ಕಾರ್ಡ್ ಸಾಕು, ತಪ್ಪದೇ ಹೋಗಬೇಕು. ಮುಂದೆ ಬಿಡಲೇಬೇಕಾದ್ರೆ "ಇದು ನನ್ನ ಕೊನೇ ಕಾಗದ, ನಿಮ್ಮಿಂದ ಏನೂ ತಪ್ಪಾಗಿಲ್ಲ" ಅಂತ ಬರೆದೇ ಬಿಡು. ಹೆಸರು ಕೊಡೋ ಮೊದಲು ಸಂಯೋಜಕರನ್ನ ಕೇಳ್ಕೋ, ಕಾಗದ ಬಂದಾಗ ನಿನ್ನ ಸ್ನೇಹಿತರಿಗೆ ಓದಿ ಹೇಳೋರು ಯಾರು, ಉತ್ತರ ಬರೆಸೋಕೆ ಆ ಓದಿ ಹೇಳೋರಿಗೆ ಬಿಡುವಿರತ್ತಾ ಅಂತ.