ಥೈರಾಯ್ಡಿನಿಂದ ಕಣ್ಣು ಮುಂದೆ ಬಂದಿದೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಯಾದಗಿರಿ: ನನ್ನ ಹೆಂಡತಿಗೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಿದ್ದು, ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ನಡೆದಿದೆ. ಎರಡು ತಿಂಗಳಿಂದ ಕಣ್ಣುಗುಡ್ಡೆಗಳು ಮುಂದೆ ಬಂದು, ನೋಡಿದ್ದೆಲ್ಲ ಎರಡೆರಡಾಗಿ ಕಾಣುತ್ತಿದೆ. ಸ್ಟೀರಾಯ್ಡ್ ಡ್ರಿಪ್ ಹಾಕಿಸಿಕೊಂಡವರು ದಯವಿಟ್ಟು ತಿಳಿಸಿ.

ಶಿಕ್ಷಕಿ, ಕಲಬುರಗಿ: ನಾನು ಹನ್ನೆರಡೂ ಡ್ರಿಪ್ ಮುಗಿಸಿದ್ದೇನೆ. ಮೊದಲ 6 ವಾರ 500 ಮಿಲಿಗ್ರಾಂ, ನಂತರದ 6 ವಾರ 250, ಒಟ್ಟು ನಾಲ್ಕೂವರೆ ಗ್ರಾಂ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಪ್ರತಿ ಗುರುವಾರ ಹೈದರಾಬಾದಿಗೆ ರೈಲು, ಔಷಧಿ ಮತ್ತು ಹಾಸಿಗೆಗೆ 2,600 ರೂಪಾಯಿ, ಜೊತೆಗೆ ಬಂದ ತಮ್ಮನ ಒಂದು ದಿನದ ಸಂಬಳ ಬೇರೆ. ನಾಲ್ಕನೆಯ ವಾರ ರಕ್ತದ ಸಕ್ಕರೆ 280ಕ್ಕೆ ಏರಿದ್ದರಿಂದ ಡ್ರಿಪ್ ಮುಂದಕ್ಕೆ ಹೋಯಿತು. ಕೆಂಪು, ಬಾವು, ನೋವು ಇಳಿದವು, ಆದರೆ ಗುಡ್ಡೆ ಹಿಂದೆ ಸರಿಯಲಿಲ್ಲ. ಅದನ್ನು ಮೊದಲೇ ಯಾರೂ ಹೇಳಲಿಲ್ಲವೆಂಬ ಸಂಕಟ ಇಂದಿಗೂ ಇದೆ.

ನಿವೃತ್ತ ನೌಕರ, ಬೀದರ್: ನನ್ನ ಕಣ್ಣು ಕೆಡಿಸಿದ್ದು ರೇಡಿಯೋ ಅಯೋಡಿನ್ ಎಂಬ ವಿಕಿರಣ ಔಷಧಿ. ಥೈರಾಯ್ಡ್ ಗ್ರಂಥಿ ಸುಟ್ಟರೆ ಎಲ್ಲ ಸರಿಹೋಗುತ್ತದೆಂದು ಕೊಟ್ಟರು. ಮೂರು ತಿಂಗಳಲ್ಲಿ ರೆಪ್ಪೆ ಮುಚ್ಚದಂತಾಗಿ, ಬೇಸಿಗೆಯುದ್ದಕ್ಕೂ ಟೇಪು ಅಂಟಿಸಿಕೊಂಡು ಮಲಗಿದೆ. ಜೊತೆಗೆ ಸ್ಟೀರಾಯ್ಡ್ ಮಾತ್ರೆ ಕೊಡಬೇಕಿತ್ತೆಂಬುದು ಆಮೇಲೆ ತಿಳಿಯಿತು.

ಔಷಧಿ ಅಂಗಡಿಯವರು, ಕಲಬುರಗಿ: ಸರ್, ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದೆನೆಂದು ಹಿಂದೆ ತಾವೇ ಬರೆದಿದ್ದಿರಿ. ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯಗಳೇ (ದೇಹವೇ ತಯಾರಿಸುವ ರೋಗನಿರೋಧಕ ಪ್ರೋಟೀನುಗಳು) ಕಣ್ಣಿನ ಹಿಂದಿನ ಕೊಬ್ಬು, ಸ್ನಾಯುಗಳನ್ನೂ ಊದಿಸುತ್ತವೆ. ಅಯೋಡಿನ್ನಿನ ನಂತರ ಅವು ಕೆಲಕಾಲ ಏರುವುದು ನಿಜ, ಆದರೆ ನಮ್ಮ ಕೈಯಲ್ಲಿರುವ ಕಾರಣಗಳಲ್ಲಿ ತಂಬಾಕೇ ದೊಡ್ಡದು.

ನಿವೃತ್ತ ನೌಕರ, ಬೀದರ್: ಅಯೋಡಿನ್ ಕುಡಿದ ವಾರವೇ ಬೀಡಿ ಬಿಟ್ಟಿದ್ದೇನೆ. ಅದಕ್ಕೂ ಮೊದಲು ಸೇದುತ್ತೀರಾ ಎಂದು ಯಾರೂ ಕೇಳಲಿಲ್ಲ. ಗಲ್ಲೆಯ ಮುಂದೆ ಕುಳಿತು ತಪ್ಪೆಲ್ಲ ರೋಗಿಯ ಮೇಲೆ ಹೊರಿಸಬೇಡಿ.

ಗೃಹಿಣಿ, ಹುಮನಾಬಾದ್: ಪೂಜೆಗೆ ಕುಳಿತಾಗ ಬಲಗಣ್ಣು ಮುಚ್ಚಿದರೆ ಬಟ್ಟಲಿನ ಕುಂಕುಮ ಹಳೆಯ ಇಟ್ಟಿಗೆಯ ಪುಡಿಯಂತೆ ಕಂಡಿತು. ಊದಿದ ಸ್ನಾಯುಗಳು ದೃಷ್ಟಿನರವನ್ನು ಒತ್ತುತ್ತಿದ್ದವು. ಡ್ರಿಪ್ಪಿನಿಂದ ನನಗೆ ಏನೂ ಗುಣವಾಗಲಿಲ್ಲ; ಕಣ್ಣುಗೂಡಿನ ಮೂಳೆ ತೆಗೆದು ಜಾಗ ಮಾಡಿದ ಮೇಲೆಯೇ ಬಣ್ಣ ಮರಳಿತು. 1,40,000 ರೂಪಾಯಿಗೆ ಎರಡೆಳೆ ಸರ ಮಾರಿದೆವು. ಆ ಶಸ್ತ್ರಚಿಕಿತ್ಸೆ ಕಣ್ಣಿನ ನೇರವನ್ನೇ ಬದಲಿಸುವುದರಿಂದ ಮೆಳ್ಳೆಗಣ್ಣಿನದು ಅದರ ನಂತರ, ರೆಪ್ಪೆಯದು ಕೊನೆಗೆ. ನನ್ನ ರೆಪ್ಪೆಯದು ಇನ್ನೂ ಬಾಕಿಯಿದೆ.

ಶಿಕ್ಷಕಿ, ಕಲಬುರಗಿ: ಅಕ್ಕಾ, ನಿಮ್ಮದು ನರ ಒತ್ತಿದ ಪ್ರಸಂಗ, ಅದನ್ನು ಮುಂದಿಟ್ಟು ಡ್ರಿಪ್ಪೇ ವ್ಯರ್ಥವೆಂಬಂತೆ ಬರೆಯಬೇಡಿ. ಏಳನೆಯ ಡ್ರಿಪ್ ಆದ ಮೇಲಿನ ಸೋಮವಾರ, ಕರಿಹಲಗೆಯ ಮೇಲೆ ನಾನು ಬರೆದ ಸಾಲು ನನಗೆ ಒಂದೇ ಸಾಲಾಗಿ ಕಂಡಿತು.