ಇಪ್ಪತ್ತರ ಹುಡುಗನಿಗೆ ಹದಿನೇಳರ ಸ್ಪೋರ್ಟ್ಸ್ ಕಾರು

ಮಗ ಹಳೆ ಸ್ಪೋರ್ಟ್ಸ್ ಕಾರು ಬೇಕು ಅಂತಿದ್ದಾನೆ, ಕೊಡಿಸಲಾ ಬೇಡವಾ ಅಂತ ವಾಕಡ್‌ನ ಅಕ್ಕ ನಮ್ಮ ಪುಣೆ ಕನ್ನಡಿಗರ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಮೊನ್ನೆಯಿಂದ ಎಷ್ಟೊಂದು ಜನ ಉತ್ತರ ಕೊಟ್ಟಿದ್ದೀರಿ. ಅರ್ಧ ಜನ "ಬೇಡವೇ ಬೇಡ" ಅಂದಿದ್ದೀರಿ. ಇನ್ನರ್ಧ ಜನ ಕಾರಿನ ಫೋಟೋ ನೋಡಿ ಕಳೆದುಹೋಗಿದ್ದೀರಿ. ನಾನು ಸುಮ್ನೆ ಓದಿಕೊಂಡು ಇದ್ದೆ. ಆದರೆ ಹೋದ ವರ್ಷ ಇದೇ ನಾಟಕ ನಮ್ಮ ಮನೆಯಲ್ಲೂ ನಡೆದಿತ್ತು. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ನಾವು ಧಾರವಾಡದವರು. ಪುಣೆಯ ಕೋಥ್ರೂಡ್‌ಗೆ ಬಂದು ಇಪ್ಪತ್ತೆರಡು ವರ್ಷ. ಮಗ ಇಲ್ಲೇ ಹುಟ್ಟಿದವನು. ಹೊರಗೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಕನ್ನಡ. ಇಪ್ಪತ್ತು ತುಂಬಿದ ವಾರ, ರಾತ್ರಿ ಊಟಕ್ಕೆ ಕೂತಾಗ ಫೋನು ತಂದು ನನ್ನ ತಟ್ಟೆ ಪಕ್ಕ ಇಟ್ಟ. ಕೆಂಪು ಬಣ್ಣದ ಎರಡು ಸೀಟಿನ ಜರ್ಮನ್ ಕಾರು. ಗುಂಡಿ ಒತ್ತಿದರೆ ಟಾಪ್ ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತೆ. 2008ರ ಮಾಡೆಲ್, ಅಂಧೇರಿಯಲ್ಲಿದೆ, ಓಡಿದ್ದು 41 ಸಾವಿರ ಕಿಲೋಮೀಟರ್, ಬೆಲೆ 11 ಲಕ್ಷ. "ಅಪ್ಪಾ, ಹೊಸ ಕ್ರೆಟಾ ಆನ್ ರೋಡ್ ಇದಕ್ಕಿಂತ ಜಾಸ್ತಿ" ಅಂದ. ಅವನ ತಾಯಿ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

ನಿಜ ಹೇಳಬೇಕೆಂದರೆ ನನಗೂ ಆಸೆ ಆಯಿತು. ನಾನು ಅವನ ವಯಸ್ಸಿನಲ್ಲಿದ್ದಾಗ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ ಕಾರು ತಯಾರಾಗುತ್ತಿತ್ತು. ಫೈಬರ್ ಗ್ಲಾಸ್ ಬಾಡಿ, ರೆನೋದ 1,149 ಸಿಸಿ ಇಂಜಿನ್. ಶಕ್ತಿ ನೋಡಿದರೆ ಇವತ್ತಿನ ಆಲ್ಟೋ ಕೆ10ಗಿಂತ ಕಡಿಮೆಯೇ. ಪಣಜಿಯಲ್ಲಿ ಒಂದು ಸಲ ಎದುರಿಗೇ ಹಾದುಹೋಗಿತ್ತು. ನಾನು ಕದಂಬ ಬಸ್ಸಿನ ಕಿಟಕಿಯಲ್ಲಿ ಕೂತಿದ್ದೆ. ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಗಾಗಿ ಬೇಡ ಅನ್ನಲಿಲ್ಲ. "ನೋಡಿಕೊಂಡು ಬರೋಣ" ಅಂದೆ. ಇವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಅಂಧೇರಿಗೆ ಹೋಗುವಾಗ ವಾರ್ಜೆಯಲ್ಲಿ ಗ್ಯಾರೇಜ್ ಇಟ್ಟಿರುವ ವಿಜಯಪುರದ ಕಾಕಾ ಒಬ್ಬರನ್ನು ಕರೆದುಕೊಂಡು ಹೋದೆವು. ಅಕ್ಕ, ನೀವು ಏನೇ ತೀರ್ಮಾನ ಮಾಡಿ, ಇದೊಂದು ಮಾತ್ರ ಬಿಡಬೇಡಿ. ನಮಗೆ ಬಣ್ಣ ಕಾಣುತ್ತೆ, ಅವರಿಗೆ ಕಾರು ಕಾಣುತ್ತೆ. ಕಾಕಾ ಬಾನೆಟ್ ತೆಗೆಯುವ ಮೊದಲು ಅದರ ಮೇಲೆ ಅಂಗೈ ಇಟ್ಟರು. "ಬೆಚ್ಚಗೈತಿ" ಅಂದರು. ನಾವು ಬರುವ ಮೊದಲೇ ಮಾಲೀಕ ಇಂಜಿನ್ ಓಡಿಸಿ ಇಟ್ಟಿದ್ದ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬರುವ ಸದ್ದು, ಹೊಗೆ ಎರಡೂ ಬಿಸಿಯಾದ ಮೇಲೆ ಅಡಗಿಹೋಗುತ್ತವೆ.

ಆಮೇಲೆ ಮೊಣಕಾಲೂರಿ ಕೂತು, ಹಿಂದಿನ ಟೈರಿನ ಪಕ್ಕಕ್ಕೆ ಟಾರ್ಚ್ ಹಿಡಿದರು. "ತಮ್ಮಾ, ಇಲ್ಲಿ ಓದು." ಮಗ ಬಗ್ಗಿ ಓದಿದ: 3115. "ಅಂದ್ರ 2015ನೇ ಇಸ್ವಿ, ಮೂವತ್ತೊಂದನೇ ವಾರ. ಈ ಟೈರ್ ಹುಟ್ಟಿದ್ದು ಅವತ್ತು." ಮಗ "ಆದ್ರೆ ಗ್ರಿಪ್ ಇನ್ನೂ ಹೊಸದರ ಹಾಗೇ ಇದೆಯಲ್ಲ ಕಾಕಾ" ಅಂದ. ಕಾಕಾ ಮಾತಾಡದೆ ಟೈರಿನ ಪಕ್ಕಕ್ಕೆ ಉಗುರು ಒತ್ತಿ ತೋರಿಸಿದರು. ಒಣಗಿದ ಕೆರೆಯ ತಳದ ಹಾಗೆ ಸಣ್ಣ ಸಣ್ಣ ಬಿರುಕು. ಕಡಿಮೆ ಓಡಿದ ಹಳೆ ಕಾರಿನಲ್ಲಿ ಮೋಸ ಹೋಗುವುದು ಇಲ್ಲೇ. ಓಡದಿದ್ದರೆ ಟೈರ್ ಸವೆಯುವುದಿಲ್ಲ, ಆದರೆ ರಬ್ಬರ್ ಗಟ್ಟಿಯಾಗುತ್ತೆ. ಮಳೆ ನೀರಿನ ಮೇಲೆ ಅದು ರಸ್ತೆಯನ್ನು ಹಿಡಿಯುವುದೇ ಇಲ್ಲ. ಮೀಟರಿನ 41 ಸಾವಿರ ನೋಡಿ ನಾವು ಖುಷಿಪಟ್ಟಿದ್ದೆವು.

ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರಿಕೊಳ್ಳುವ ಆಯಿಲ್, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಘಾಟ್ ಇಳಿಯುವಾಗ ಬಿಸಿಗೆ ಕುದಿದು, ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಕೊನೆಗೆ ಕಾಕಾ ಕೀ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡದೆ, ಡ್ಯಾಶ್‌ಬೋರ್ಡ್ ನೋಡುತ್ತಾ ಕೂತರು. ಏರ್‌ಬ್ಯಾಗ್ ದೀಪ ಒಂದು ಸಲ ಹೊತ್ತಿ ಆರಬೇಕು. ಅದು ಹೊತ್ತಲೇ ಇಲ್ಲ. ದೀಪ ಹೊತ್ತಿಕೊಂಡೇ ಇದ್ದರೆ ಕಾಯಿಲೆ ಇದೆ ಅಂತ. ಹೊತ್ತಲೇ ಇಲ್ಲ ಅಂದರೆ ಕಾಯಿಲೆಯನ್ನು ಯಾರೋ ಮುಚ್ಚಿಟ್ಟಿದ್ದಾರೆ ಅಂತ.

ಹಿಂದಿನ ಟೈರಿನ ಅಳತೆ ಬೇರೆ, ಮುಂದಿನದು ಬೇರೆ. ನಾಲ್ಕಕ್ಕೆ ಅರವತ್ತು ಸಾವಿರದ ಮೇಲೆ ಅಂದ ಅಲ್ಲಿನ ಟೈರ್ ಅಂಗಡಿಯವ. ವಾಪಸ್ ಬರುವಾಗ ಲೋಣಾವಳದಲ್ಲಿ ವಡಾಪಾವ್ ತಿನ್ನುವವರೆಗೂ ಮಗ ಬಾಯಿ ಬಿಡಲಿಲ್ಲ.

ಈಗ ಇಲ್ಲಿ ಬಂದಿರುವ ಮಾತುಗಳಿಗೆ ಬರುತ್ತೇನೆ. ಹಿಂಜೆವಾಡಿಯ ಅಣ್ಣ "ಹಳೆ ಕಾರಲ್ಲಿ ಎಲೆಕ್ಟ್ರಾನಿಕ್ಸ್ ಕಡಿಮೆ, ಹುಡುಗರು ನಿಜವಾದ ಡ್ರೈವಿಂಗ್ ಕಲಿಯುತ್ತಾರೆ" ಅಂದಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ ನಮ್ಮ ಮಕ್ಕಳು ಕಲಿತದ್ದು ಸ್ವಿಫ್ಟಿನಲ್ಲೋ ಆಲ್ಟೋದಲ್ಲೋ. ಅವು ಮುಂದಿನ ಚಕ್ರ ಎಳೆಯುವ ಕಾರುಗಳು. ತಿರುವಿನಲ್ಲಿ ವೇಗ ಜಾಸ್ತಿಯಾದರೆ ಮೂತಿ ಹೊರಗೆ ಜಾರುತ್ತೆ, ಹೆದರಿ ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ. ನಾವು ನೋಡಿದ ಕಾರು ಹಿಂದಿನ ಚಕ್ರ ತಳ್ಳುವಂಥದ್ದು, ಗಿಡ್ಡ ಕಾರು, ಸುಮಾರು ಇನ್ನೂರು ಅಶ್ವಶಕ್ತಿ. ಸ್ವಿಫ್ಟಿಗೆ ತೊಂಬತ್ತರ ಒಳಗೆ. ಮಳೆಯಲ್ಲಿ ತಿರುವಿನ ನಡುವೆ ಕಾಲು ಒತ್ತಿದರೆ ಬಾಲ ತಿರುಗುತ್ತೆ, ಹೆದರಿ ಥಟ್ಟನೆ ಬಿಟ್ಟರೂ ತಿರುಗಬಹುದು. ಅದನ್ನು ಹಿಡಿದು ನಿಲ್ಲಿಸುವುದೇ ಎಲೆಕ್ಟ್ರಾನಿಕ್ಸ್, ಮತ್ತು ಹದಿನೇಳು ವರ್ಷದ ಕಾರಿನಲ್ಲಿ ಅದು ಬದುಕಿದೆಯೋ ಇಲ್ಲವೋ ನೋಡಬೇಕು. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡೆ ಇಳಿಯುವ ರಸ್ತೆ ನಿಮಗೆಲ್ಲ ಗೊತ್ತು. ಅಲ್ಲಿ ಇದನ್ನೆಲ್ಲ ಕಲಿಯುವುದು ಬೇಡ.

ಇನ್ನೊಬ್ಬರು "ಎರಡೇ ಸೀಟು, ಗೆಳೆಯರ ದಂಡು ಹತ್ತಲ್ಲ" ಅಂದಿದ್ದಾರೆ. ಇದು ಒಳ್ಳೆಯ ಮಾತು, ನನಗೆ ಹೊಳೆದಿರಲಿಲ್ಲ. ಕಾರಿನಲ್ಲಿ ಗೆಳೆಯರು ಹೆಚ್ಚಿದಷ್ಟೂ ಹೊಸ ಚಾಲಕರ ಅಪಘಾತ ಹೆಚ್ಚು. ಅದಕ್ಕೇ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹದಿಹರೆಯದವರಿಗೆ ಲೈಸನ್ಸ್ ಬಂದ ಹೊಸತರಲ್ಲಿ ಎಷ್ಟು ಜನರನ್ನು ಹತ್ತಿಸಿಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ. ಅಲ್ಲಿ ಇಂಥ ಕಾರಿಗೆ ಇಂಥ ವಯಸ್ಸಿನವನ ಹೆಸರು ಬರೆದರೆ ಇನ್ಶೂರೆನ್ಸ್ ಕಂತು ನೋಡಿಯೇ ಅಪ್ಪ ಅಮ್ಮ ಕೈ ಬಿಡುತ್ತಾರೆ. ನಮ್ಮಲ್ಲಿ ಥರ್ಡ್ ಪಾರ್ಟಿ ಕಂತು ಇಂಜಿನ್ ಸಿಸಿ ಮೇಲೆ. 2022ರಲ್ಲಿ ನಿಗದಿಯಾದ ದರ ನೋಡಿ: ಸಾವಿರ ಸಿಸಿ ಒಳಗೆ 2,094, ಸಾವಿರದಿಂದ 1,500ರವರೆಗೆ 3,416, ಅದರ ಮೇಲೆ 7,897 ರೂಪಾಯಿ. ಓಡಿಸುವವನು ಇಪ್ಪತ್ತರವನೋ ಐವತ್ತರವನೋ ಅಂತ ಯಾರೂ ಕೇಳಲ್ಲ. ಎಲ್ ಬೋರ್ಡ್ ಕಿತ್ತ ಮರುದಿನವೇ ಇನ್ನೂರು ಅಶ್ವಶಕ್ತಿ ಓಡಿಸಬಹುದು. ಅಲ್ಲಿ ಕಂಪನಿ ಹೇಳುವ "ಬೇಡ" ಇಲ್ಲಿ ನಮ್ಮ ಬಾಯಿಂದಲೇ ಬರಬೇಕು. ಹೇಳುವುದು ಕಷ್ಟ, ಅದೂ ಒಬ್ಬನೇ ಮಗ ಕೇಳುವಾಗ.

2024ರ ಮೇ 19ರ ಬೆಳಗಿನ ಜಾವ ಕಲ್ಯಾಣಿ ನಗರದಲ್ಲಿ ಏನಾಯಿತು ಅಂತ ಈ ಊರಿನವರಿಗೆ ನೆನಪಿಸಬೇಕಾಗಿಲ್ಲ. ಕಾರು ಗುದ್ದಿ ಬೈಕಿನಲ್ಲಿದ್ದ ಇಬ್ಬರು ಎಳೆಯ ಇಂಜಿನಿಯರುಗಳು ಹೋದರು. ಕಾರು ಓಡಿಸಿದವನಿಗೆ ಹದಿನೇಳು ಅಂದರು ಪೊಲೀಸರು. ನಮ್ಮ ಮಕ್ಕಳೂ ಇಲ್ಲಿ ಇಂಜಿನಿಯರುಗಳೇ, ಬೈಕಿನಲ್ಲೇ ಓಡಾಡುವವರು. ಕಾರಿನ ಮಾತು ಬಂದಾಗಲೆಲ್ಲ ನಾನು ಎರಡೂ ಕಡೆಯಿಂದ ಯೋಚಿಸುತ್ತೇನೆ.

ಕಾಗದ ಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒ ತಪಾಸಣೆ ಮಾಡಿಸಿ ಮುಂದುವರಿಸಬೇಕು, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆ ಬೇರೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ನವೀಕರಣ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ದೆಹಲಿಯ ಕಾರು ಅಗ್ಗ ಅಂತ ಬಲೆಗೆ ಬೀಳಬೇಡಿ. ಅಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಮಿತಿ ಬಂದಮೇಲೆ ಹಳೆ ದೊಡ್ಡ ಕಾರುಗಳೆಲ್ಲ ನಮ್ಮ ಕಡೆ ಹರಿದು ಬರುತ್ತಿವೆ. ಎನ್‌ಒಸಿ, ಹೊಸ ನಂಬರ್, ಇಲ್ಲಿನ ತೆರಿಗೆ ಸೇರಿಸಿದರೆ ಅಗ್ಗ ಎಲ್ಲಿ ಉಳಿಯಿತು? ಬೇರೆ ರಾಜ್ಯದ ಕಾರು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಹಾಕಿಸಲೇಬೇಕು. ಧಾರವಾಡದ ಕೆಎ 25 ಬೋರ್ಡಿನ ಮೇಲೆ ಐದು ವರ್ಷದಿಂದ ಓಡಾಡುತ್ತಿರುವವರು ಈ ಗುಂಪಿನಲ್ಲಿ ಯಾರ್ಯಾರು ಅಂತ ಗೊತ್ತು, ಹೆಸರು ಹೇಳಲ್ಲ. ಪೆಟ್ರೋಲ್ ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. 2008ರ ಕಾರಿನ ಇಂಧನ ಪೈಪು, ಸೀಲುಗಳು ಅದಕ್ಕಾಗಿ ಮಾಡಿದ್ದಲ್ಲ, ಅವನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಮನೆಯಲ್ಲಿ ಕೊನೆಗೆ ಆದದ್ದು ಇಷ್ಟು. ನಾನು ಮಗನಿಗೆ ಒಂದು ಮೊತ್ತ ಹೇಳಿದೆ. ಕಾರಿನ ಬೆಲೆ, ಮೊದಲ ವರ್ಷದ ಖರ್ಚು ಎಲ್ಲ ಇದರೊಳಗೇ. ಇಂಟರ್ನ್‌ಶಿಪ್‌ನಲ್ಲಿ ಬರುವುದನ್ನು ನೀನೂ ಹಾಕು. ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು) ಇರಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. 2019ಕ್ಕಿಂತ ಮುಂಚೆ ಎಬಿಎಸ್ ಕಡ್ಡಾಯ ಇರಲಿಲ್ಲವಾದ್ದರಿಂದ ಹಳೆ ಕಾರುಗಳಲ್ಲಿ ಮೇಲಿನ ವೇರಿಯಂಟನ್ನೇ ಹುಡುಕಬೇಕು. ಅದಕ್ಕೂ ಮೊದಲು ಒಂದು ಮಳೆಗಾಲ ಪೂರ್ತಿ ಮನೆಯ ಕಾರನ್ನೇ ಓಡಿಸಬೇಕು. ಅವನು ಗೊಣಗಿದ, ಆದರೆ ಓಡಿಸಿದ. ಕೆಂಪು ಕಾರಿನ ಲೆಕ್ಕವನ್ನು ಅವನೇ ಹಾಕಿದ, ಎರಡನೇ ಪುಟಕ್ಕೆ ನಿಲ್ಲಿಸಿದ.

ಸೆಪ್ಟೆಂಬರ್‌ನಲ್ಲಿ ತಂದದ್ದು 2012ರ ಸೆಡಾನ್. 1.6 ಲೀಟರ್ ಪೆಟ್ರೋಲ್, ಕೈ ಗೇರು, ಪುಣೆಯದೇ ಎಂಎಚ್ 12 ನಂಬರ್, 2 ಲಕ್ಷ 10 ಸಾವಿರ. ಮೊದಲ ತಿಂಗಳೇ ಟೈರ್, ಟೈಮಿಂಗ್ ಬೆಲ್ಟ್, ಬ್ರೇಕ್, ಬುಷ್, ಬ್ಯಾಟರಿ ಸೇರಿ 58,700 ರೂಪಾಯಿ ಹೋಯಿತು. ಬೆಲ್ಟ್ ಮಾತ್ರ ಮುಂದೂಡಬೇಡಿ. ಓಡುವಾಗ ಅದು ತುಂಡಾದರೆ ಇಂಥ ಇಂಜಿನ್‌ಗಳಲ್ಲಿ ವಾಲ್ವ್ ಬಗ್ಗುತ್ತೆ, ಆಮೇಲೆ ಇಂಜಿನ್ ಬಿಚ್ಚುವುದೇ. ನೋಡಲು ಬ್ಯಾಂಕ್ ಮ್ಯಾನೇಜರ್ ಕಾರಿನ ಹಾಗಿದೆ. ಆದರೆ ಸ್ಟೀರಿಂಗ್ ಹಿಡಿದರೆ ಕೈಗೆ ರಸ್ತೆ ತಿಳಿಯುತ್ತೆ. ಮಗ ಅದಕ್ಕೇ ಬಿದ್ದ.

ದಸರಾಕ್ಕೆ ಧಾರವಾಡಕ್ಕೆ ಅದರಲ್ಲೇ ಹೋದೆವು, ನಾವಿಬ್ಬರೇ. ಇವಳು ಮಗಳನ್ನು ಕರೆದುಕೊಂಡು ಬಸ್ಸಿಗೆ ಬಂದಳು. ಆ ಕಾರಿನಲ್ಲಿ ಇವಳು ಇನ್ನೂ ಕೂತಿಲ್ಲ. ಖಂಬಾಟ್ಕಿ ಘಾಟ್ ಚೆನ್ನಾಗಿ ಹತ್ತಿಸಿದ, ಲಾರಿಗಳ ಹಿಂದೆ ತಾಳ್ಮೆಯಿಂದ. ನಿಪ್ಪಾಣಿ ಹತ್ತಿರ ತವಂದಿ ಘಾಟಿನಲ್ಲಿ ಮಳೆ ಶುರುವಾಯಿತು. ತಿರುವಿನಾಚೆ ದೀಪ ಇಲ್ಲದ ಲಾರಿ ನಿಂತಿತ್ತು. ಮಗ ಬ್ರೇಕ್ ಒತ್ತಿದ, ಪೆಡಲ್ ಗಡಗಡ ನಡುಗಿತು, ಅವನು ಕಾಲು ತೆಗೆದುಬಿಟ್ಟ. "ತುಳಿ, ತುಳಿ!" ಅಂತ ಕೂಗಿದೆ. ಮತ್ತೆ ತುಳಿದ. ಒಂದು ಎಮ್ಮೆ ನಿಲ್ಲುವಷ್ಟು ಜಾಗ ಬಿಟ್ಟು ಕಾರು ನಿಂತಿತು. "ಅಪ್ಪಾ, ಬ್ರೇಕ್ ಮುರೀತಾ?" ಅಂತ ಕೇಳಿದ. ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಹಾಗೆ ನಡುಗುತ್ತೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಡ್ರೈವಿಂಗ್ ಸ್ಕೂಲಿನವರೂ ಹೇಳಿಲ್ಲ, ನಾನೂ ಹೇಳಿಲ್ಲ. ಅಷ್ಟೊಂದು ಷರತ್ತು ಹಾಕಿದ ಅಪ್ಪ ಇದನ್ನೇ ಮರೆತಿದ್ದೆ. ಊರಿಂದ ಬಂದ ಮೇಲೆ ಖಾಲಿ ಮೈದಾನದಲ್ಲಿ ನಲವತ್ತರ ವೇಗದಲ್ಲಿ ಹತ್ತು ಸಲ ಜೋರಾಗಿ ಬ್ರೇಕ್ ತುಳಿಸಿದೆ. ನೀವೂ ಯಾವ ಕಾರು ಕೊಂಡರೂ ಇದನ್ನು ಮೊದಲ ದಿನವೇ ಮಾಡಿಸಿ.

ಊರಲ್ಲಿ ಅಜ್ಜ ಕಾರನ್ನು ಎರಡು ಸುತ್ತು ಸುತ್ತಿ "ಲೀಟರಿಗೆ ಎಷ್ಟ್ ಕೊಡ್ತದ?" ಅಂತ ಕೇಳಿದರು. ಅವರ ಹತ್ತಿರ ಇದ್ದದ್ದು ಪ್ರೀಮಿಯರ್ ಪದ್ಮಿನಿ, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂಬಯಿಯ ಕುರ್ಲಾದಲ್ಲಿ ತಯಾರಾದದ್ದು. ಮಗ ಕಟ್ಟೆ ಮೇಲೆ ಕೂತು ಒಂದೂವರೆ ತಾಸು ಅಜ್ಜನ ಜೊತೆ ಕನ್ನಡದಲ್ಲಿ ಕಾರ್ಬ್ಯುರೇಟರ್ ಬಗ್ಗೆ ಮಾತಾಡಿದ. ಗಣೇಶ ನಗರದ ಕನ್ನಡ ಸಂಘಕ್ಕೆ ಎಷ್ಟು ವರ್ಷ ಎಳೆದುಕೊಂಡು ಹೋದರೂ ಇಷ್ಟು ಮಾತು ಬಂದಿರಲಿಲ್ಲ.

ಮಗಳಿಗೆ ಈಗ ಹದಿನೇಳು. ಅಣ್ಣನ ಕಾರು ಮುಂದೆ ತನಗೇ ಅಂತ ಹೇಳಿಯಾಗಿದೆ. ಸೊಸೈಟಿ ಪಾರ್ಕಿಂಗಿನಲ್ಲಿ ಒಂದು ಸುತ್ತು ಅಂತ ದಿನಾ ಪೀಡಿಸುತ್ತಾಳೆ, ಕೊಟ್ಟಿಲ್ಲ. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ ಅಥವಾ ಮಾಲೀಕನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಓಡಿಸಿದ ಮಗುವಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ಈ ಕೊನೆಯದನ್ನು ಹೇಳಿದ ಮೇಲೆ ಸ್ವಲ್ಪ ಸುಮ್ಮನಾಗಿದ್ದಾಳೆ.

ಅಕ್ಕ, ನಿಮ್ಮ ಹುಡುಗ ನೋಡಿಟ್ಟಿರುವ ಕಾರು ಬಾಣೇರಿನಲ್ಲೇ ಇದೆ ಅಂದಿರಲ್ಲ, ಭಾನುವಾರ ಕಾಕಾ ಬಿಡುವಾಗಿರುತ್ತಾರೆ, ಕೇಳಿದ್ದೇನೆ. ಮಾಲೀಕರಿಗೆ ಹತ್ತು ಗಂಟೆಗೆ ಬರುತ್ತೇವೆ ಅಂತ ಹೇಳಿ. ನಾವು ಎಂಟೂವರೆಗೇ ಹೋಗೋಣ, ಬಾನೆಟ್ ತಣ್ಣಗಿರುವಾಗಲೇ.