ಟೆಂಪರೇಚರ್ ಬ್ಲಾಂಕೆಟ್: ನಮ್ಮೂರ ಬಿಸಿಲಿಗೆ ಎಷ್ಟು ಬಣ್ಣ ಬೇಕು?

ಮೈಸೂರಿನಿಂದ ಕೇಳಿದ್ದು:
ಬರುವ ಜನವರಿ 1ರಿಂದ ಟೆಂಪರೇಚರ್ ಬ್ಲಾಂಕೆಟ್ ಶುರು ಮಾಡಬೇಕು ಅಂತ ಆಸೆ. ದಿನಕ್ಕೊಂದು ಸಾಲು, ಆ ದಿನದ ಬಿಸಿಲಿಗೆ ತಕ್ಕ ಬಣ್ಣ. ತಂಗಿಗೆ ಮಗುವಾಗುವ ವರ್ಷ ಅದು, ಮಗುವಿಗೇ ಕೊಡಬೇಕು. ಕ್ರೋಶಾ ಬರುತ್ತದೆ, ಆದರೆ ಇಷ್ಟು ದೊಡ್ಡದು ಯಾವತ್ತೂ ಹಾಕಿಲ್ಲ. ಎಷ್ಟು ಬಣ್ಣ, ಎಷ್ಟು ಉಲ್ಲನ್, ಎಷ್ಟು ಅಗಲ? ಮಾಡಿದವರು ಹೇಳ್ತೀರಾ?

ಬೆಂಗಳೂರಿನಿಂದ:
ನಾನು 2024ರದ್ದು ಹಾಕಿದ್ದೇನೆ. ಮೊದಲು ಒಂದು ಮಾತು. ಹೊರದೇಶದವರ ಬಣ್ಣದ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. ನಾನು ಇಳಿಸಿಕೊಂಡಿದ್ದೆ, ಐದೈದು ಡಿಗ್ರಿಗೆ ಒಂದು ಬಣ್ಣ. ಹಿಮ ಬೀಳುವ ಊರಿಗೆ ಅದು ಸರಿ. ನಮ್ಮಲ್ಲಿ ಜನವರಿಯ ಮಧ್ಯಾಹ್ನಗಳೆಲ್ಲ ಹೆಚ್ಚುಕಮ್ಮಿ 25ರಿಂದ 30ರ ಒಳಗೇ. ಫೆಬ್ರವರಿ ಬಂದರೂ ಒಂದೇ ನೀಲಿ! ಅಷ್ಟೂ ಬಿಚ್ಚಿ ಮತ್ತೆ ಶುರು ಮಾಡಿದೆ.

ಆಮೇಲೆ ಎರಡೆರಡು ಡಿಗ್ರಿಗೆ ಇಳಿಸಿದೆ. 24ಕ್ಕಿಂತ ಕಮ್ಮಿ ಒಂದು, 24.0ರಿಂದ 25.9 ಒಂದು, ಹೀಗೆ 36ರ ಮೇಲಿನದ್ದು ಕೊನೆಯದು. ಒಟ್ಟು ಎಂಟು ಬಣ್ಣ. ದಶಾಂಶ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸರಿಯಾಗಿ 28 ಬಂದ ದಿನ ಯಾವ ಉಂಡೆ ಅಂತ ಗೊಂದಲ. ಮೈಸೂರಿಗೂ ಇದೇ ಲೆಕ್ಕ ಹೊಂದುತ್ತದೆ ಅನ್ಸುತ್ತೆ. ಆದರೂ ನಿಮ್ಮೂರಿನ ಹೋದ ವರ್ಷದ ಗರಿಷ್ಠ ತಾಪಮಾನ ನೋಡಿ, ಪ್ರತಿ ಬಣ್ಣಕ್ಕೆ ಎಷ್ಟು ದಿನ ಬೀಳುತ್ತದೆ ಎಂದು ಎಣಿಸಿ. ಉಲ್ಲನ್ ಕೊಳ್ಳಲು ಅದೇ ಆಧಾರ. ಎಲ್ಲ ಬಣ್ಣವನ್ನೂ ಸಮ ಸಮ ತಂದರೆ 28ರ ಬಣ್ಣ ಮಳೆಗಾಲದಲ್ಲೇ ಮುಗಿಯುತ್ತದೆ. ಯಾಕಂದರೆ ಇಲ್ಲಿ ಜುಲೈ ಮತ್ತು ಡಿಸೆಂಬರ್ ಮಧ್ಯಾಹ್ನಗಳು ಸುಮಾರು ಒಂದೇ. ಮತ್ತೆ ತರಲು ಹೋದರೆ ಡೈ ಲಾಟ್ (ಒಂದೇ ಸಲ ಬಣ್ಣ ಹಾಕಿದ ಕಂತು) ಬೇರೆ ಬಂದು ಬಣ್ಣ ಒಂಚೂರು ಮಾಸಿದಂತೆ ಕಾಣುತ್ತದೆ.

ತಾಪಮಾನಕ್ಕೆ ಹವಾಮಾನ ಇಲಾಖೆಯ ಒಂದೇ ಕೇಂದ್ರ ಹಿಡಿಯಿರಿ. ಬೆಂಗಳೂರಲ್ಲಂತೂ ನಗರದ್ದೊಂದು, ಎಚ್‌ಎಎಲ್‌ದೊಂದು, ಕೆಂಪೇಗೌಡ ವಿಮಾನ ನಿಲ್ದಾಣದ್ದೊಂದು ಅಂಕಿ ಬರುತ್ತದೆ.

ಇನ್ನು ಅಳತೆ. 365 ಸಾಲು ಡಬಲ್ ಕ್ರೋಶೆ (ಎತ್ತರದ ಹೊಲಿಗೆ) ಹಾಕಿದರೆ ಹದಿನೈದು ಅಡಿ ಉದ್ದವಾಗುತ್ತದೆ, ಹೊದೆಯೋಕಾಗಲ್ಲ. ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶೆ ಹಾಕಿ, ಸಾಲಿಗೆ ಅರ್ಧ ಸೆಂಟಿಮೀಟರ್ ಬಂದರೆ ಆರು ಅಡಿ. (ನಾನು ಹೇಳುತ್ತಿರುವುದು ಅಮೆರಿಕದವರ ಹೆಸರು. ಅವರ ಸಿಂಗಲ್ ಅಂದರೆ ಬ್ರಿಟಿಷರ ಡಬಲ್. ಪ್ಯಾಟರ್ನ್ ಯಾರದ್ದು ಅಂತ ನೋಡಿಕೊಳ್ಳಿ.) 4 ಮಿಮೀ ಕಡ್ಡಿಯಲ್ಲಿ ನಾನು 200 ಹೊಲಿಗೆ ಹಾಕಿದ್ದು, ಸುಮಾರು ನಾಲ್ಕಡಿ ಅಗಲ ಬಂತು. ಒಟ್ಟು ಒಂದು ಕಿಲೋ ಹತ್ತಿರ ಉಲ್ಲನ್ ಹಿಡಿಯಿತು. ನಿಮ್ಮ ಕೈಬಿಗಿ ಬೇರೆ ಇರುತ್ತದೆ. ಹತ್ತು ಸಾಲು ಹಾಕಿ, ಅಡುಗೆಮನೆಯ ತಕ್ಕಡಿಯಲ್ಲಿ ಉಂಡೆಯನ್ನು ಮೊದಲು ಮತ್ತು ಆಮೇಲೆ ತೂಗಿ, ಲೆಕ್ಕ ಸಿಗುತ್ತದೆ. ಮಗುವಿಗೆ ಅಂತ ಚಿಕ್ಕದು ಮಾಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಾಲೇಜಿಗೆ ಹೋಗುವಾಗಲೂ ಹೊದ್ದುಕೊಳ್ಳಲಿ.

ಬಣ್ಣ ಬದಲಿಸುವಾಗ ಕೊನೆಯ ಹೊಲಿಗೆಯಲ್ಲಿ ಕಡ್ಡಿ ಮೇಲೆ ಎರಡು ಕುಣಿಕೆ ಉಳಿದಿರುತ್ತದಲ್ಲ, ಅಲ್ಲಿ ನಿಲ್ಲಿಸಿ. ಆ ಎರಡರೊಳಗಿಂದ ಹೊಸ ಬಣ್ಣ ಎಳೆದುಕೊಳ್ಳಿ. ಅಂಚು ಚೊಕ್ಕ ಬರುತ್ತದೆ. ಒಂದು ಗೇಣು ಎಳೆ ಬಿಟ್ಟು ಕತ್ತರಿಸಿ, ಅವತ್ತೇ ಸೂಜಿಯಲ್ಲಿ ಒಳಗೆ ಸೇರಿಸಿ, ಮತ್ತೆ ಹಿಂದಕ್ಕೂ ಒಮ್ಮೆ ಹಾಯಿಸಿ. ಆಕ್ರಿಲಿಕ್ ಉಲ್ಲನ್ ಆದರೆ ಎಳೆ ಜಾರುತ್ತದೆ. ಇದನ್ನು ಕೊನೆಗೆ ಅಂತ ಇಟ್ಟುಕೊಂಡರೆ ನೂರಾರು ಎಳೆ ಕೂಡಿಬಿಡುತ್ತದೆ.

ನನ್ನದರಲ್ಲಿ ಏಪ್ರಿಲ್ ಕೊನೆ ಪೂರ್ತಿ ಕಡುಗೆಂಪು. ಆ ವರ್ಷ ಇಲ್ಲಿ 38 ದಾಟಿತ್ತು. ಜೂನ್ 2ಕ್ಕೆ ಒಂದೇ ದಿನ 111 ಮಿಮೀ ಮಳೆ ಸುರಿಯಿತು. ಅಲ್ಲಿಂದಾಚೆ ಹೊದಿಕೆ ತಣ್ಣಗಾಗಿದ್ದು ಕೈಯಲ್ಲಿ ಹಿಡಿದರೆ ಕಾಣುತ್ತದೆ. ಮಗು ಹುಟ್ಟಿದ ದಿನದ ಸಾಲಿಗೆ ಅದೇ ಬಣ್ಣದ ಜೊತೆ ಒಂದು ಬಿಳಿ ಎಳೆ ಸೇರಿಸಿ ಹಾಕಿ, ಚೆನ್ನಾಗಿರುತ್ತದೆ.

ಮಂಗಳೂರಿನಿಂದ:
ಮೇಲಿನವರು ಹೇಳಿದ್ದು ನಿಜ. ನಮ್ಮ ಕರಾವಳಿಯಲ್ಲಿ ಎರಡು ಡಿಗ್ರಿಗೆ ಇಳಿಸಿದರೂ ಮೂರ್ನಾಲ್ಕು ಬಣ್ಣವೇ. ಹಾಗಾಗಿ ನಾನು ಮಳೆಯದ್ದು ಹಾಕಿದೆ. ಹವಾಮಾನ ಇಲಾಖೆಯ ವಿಂಗಡಣೆಯೇ ಪಟ್ಟಿಯಾಯಿತು: ಮಳೆ ಇಲ್ಲ, 2.4 ಮಿಮೀವರೆಗೆ, 15.5ರವರೆಗೆ, 64.4ರವರೆಗೆ, 115.5ರವರೆಗೆ, 204.4ರವರೆಗೆ, ಅದಕ್ಕೂ ಮೇಲೆ. ಏಳು ಬಣ್ಣ. ಅಳೆಯುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಮಳೆ. ಅದನ್ನು ಯಾವ ದಿನದ ಸಾಲಿಗೆ ಹಾಕುತ್ತೀರಿ ಎಂದು ಮೊದಲೇ ತೀರ್ಮಾನಿಸಿ.

ಒಂದೇ ಬಣ್ಣ ವಾರಗಟ್ಟಲೆ ಬಂದಾಗ ಎಣಿಕೆ ತಪ್ಪುತ್ತದೆ. ನಾನು ಪ್ರತಿ ತಿಂಗಳ ಮೊದಲ ಸಾಲಿನ ಅಂಚಿಗೆ ಒಂದು ಪಿನ್ನು ಚುಚ್ಚಿಡುತ್ತಿದ್ದೆ. ನೀವೂ ಹಾಗೇ ಮಾಡಿ. ಮಗುವಿಗೆ ಕೊಡುವ ಮುಂಚೆ ಹನ್ನೆರಡೂ ಪಿನ್ನು ತೆಗೆದಿರಾ ಅಂತ ಎಣಿಸಿ.